ಹೆಸರು ಹೇಳದೆ ಬಿಟ್ಟುಬಂದ ನಾಯಿ

ಹರಿಹರದಲ್ಲಿ ನಾಯಿ ನೋಡಿಕೊಳ್ಳುವವನು ನಮ್ಮ ನಾಯಿಯ ಹೆಸರೇನು ಎಂದು ಕೇಳಿದಾಗ ನಾನು ಸರಿಯಾದ ಹೆಸರು ಹೇಳಲಿಲ್ಲ. ಹೆಸರು ನನಗೆ ಗೊತ್ತಿತ್ತು. ಅದನ್ನು ಮರೆಯದೆ ಹೇಳಬೇಕೆಂದು ತಮ್ಮ ನನ್ನ ಕೈ ಹಿಡಿದು ಹೇಳಿ ಕಳಿಸಿದ್ದ. ನಾಯಿ ಏನು ತಿನ್ನುತ್ತದೆ, ಎಲ್ಲಿ ಮುಟ್ಟಿದರೆ ಸಿಟ್ಟಾಗುತ್ತದೆ, ಯಾವ ಮಗ್ಗುಲಿಗೆ ಮಲಗುತ್ತದೆ ಎಂಬುದನ್ನೆಲ್ಲ ಒಪ್ಪಿಸಿ, ಹೆಸರೊಂದನ್ನು ನುಂಗಿಕೊಂಡು ಬಂದೆ. ಅದರಿಂದ ಆದದ್ದನ್ನು ಆಮೇಲೆ ಒಂದು ಮಾತಿನಿಂದ ಸರಿಮಾಡಬಹುದಾಗಿತ್ತು. ಆ ಮಾತನ್ನೂ ಎಷ್ಟೋ ವರ್ಷ ಆಡಲಿಲ್ಲ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾಕೆಂದರೆ ಅದು ನನ್ನ ಗಂಡನ ಹೆಸರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ತವರುಮನೆ ದಾವಣಗೆರೆಯಲ್ಲಿ, ಹತ್ತಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ. ಅಪ್ಪ ಒಬ್ಬ ದಲಾಲರ ಹತ್ತಿ ಮಂಡಿಯಲ್ಲಿ ಗುಮಾಸ್ತನಾಗಿದ್ದ. ಮನೆಯಲ್ಲಿ ಮಕ್ಕಳು ನಾವಿಬ್ಬರೇ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವಳು, ತಮ್ಮ ನನಗಿಂತ ಬಹಳ ಚಿಕ್ಕವನು. ಅವನು ಒಂದು ದಿನ ಹತ್ತಿಕಾಳಿನ ರಾಶಿಯ ಸಂದಿಯಿಂದ ಒಂದು ಮರಿಯನ್ನು ಎತ್ತಿಕೊಂಡು ಬಂದ. ಮೈತುಂಬ ಅರಳೆ ಅಂಟಿಕೊಂಡು ಬೆಳ್ಳಗಿತ್ತು. ಅವ್ವ ಸೀಗೆಪುಡಿ ಹಾಕಿ ತೊಳೆದ ಮೇಲೆ ಕರೀದು ಎಂದು ಗೊತ್ತಾಯಿತು. ತಮ್ಮ ಅದಕ್ಕೊಂದು ಹೆಸರಿಟ್ಟ. ದೊಡ್ಡ ಹೆಸರೇನಲ್ಲ, ಎರಡೇ ಅಕ್ಷರ. ಎರಡು ಸಲ ಕರೆದು, ಎರಡನೇ ಸಲ ಕೊನೆಯನ್ನು ಎಳೆದರೆ ಅದು ಎಲ್ಲಿದ್ದರೂ ಬರುತ್ತಿತ್ತು. ನಾನೂ ಹಾಗೆಯೇ ಕರೆಯುತ್ತಿದ್ದೆ. ರೊಟ್ಟಿ ತಟ್ಟುತ್ತ ಕರೆಯುತ್ತಿದ್ದೆ, ನೀರು ಸೇದುತ್ತ ಕರೆಯುತ್ತಿದ್ದೆ, ಕೆಲಸವಿಲ್ಲದಿದ್ದರೂ ಕರೆಯುತ್ತಿದ್ದೆ.

ಅದಾಗಿ ಕೆಲವು ವರ್ಷಕ್ಕೆ ನನಗೆ ಹರಿಹರದಿಂದ ಗಂಡು ಬಂತು. ಹೊಳೆಗೆ ಹೋಗುವ ದಾರಿಯಲ್ಲಿ ಹಗ್ಗ, ಬಕೀಟು, ಲಾಟೀನು ಮಾರುವ ಅಂಗಡಿ. ತಾಯಿಗೆ ಒಬ್ಬನೇ ಮಗ. ಹಿರಿಯರು ಮನೆತನದ ಬೆಡಗು ಕೇಳಿದರು, ಮಠ ಕೇಳಿದರು, ಹುಡುಗ ಲಿಂಗಪೂಜೆ ತಪ್ಪಿಸುತ್ತಾನೋ ಇಲ್ಲವೋ ಎಂದು ಮೂರನೆಯವರಿಂದ ತಿಳಿದುಕೊಂಡರು. ಮನೆಯ ನಾಯಿಯ ಹೆಸರು ಕೇಳುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಲಗ್ನಪತ್ರಿಕೆಯಲ್ಲಿ ಗಂಡಿನ ಹೆಸರು ಉದ್ದವಾಗಿಯೇ ಇತ್ತು. ಮನೆಯಲ್ಲಿ ಅದನ್ನು ಗಿಡ್ಡ ಮಾಡಿ ಎರಡು ಅಕ್ಷರಕ್ಕೆ ಇಳಿಸಿದ್ದಾರೆ ಎಂಬುದು ನಮಗೆ ಗೊತ್ತಾದದ್ದು ಮದುವೆಯ ಚಪ್ಪರದಲ್ಲಿ. ನನ್ನ ಅತ್ತೆ ಮಗನನ್ನು ಊಟಕ್ಕೆ ಕರೆದರು. ಎರಡು ಸಲ ಕರೆದರು, ಎರಡನೇ ಸಲ ಕೊನೆ ಎಳೆದರು. ಆ ಕಡೆಯಿಂದ ಮದುಮಗ ಎದ್ದು ಬಂದ. ಈ ಕಡೆಯಿಂದ, ಎಂಜಲೆಲೆಯ ರಾಶಿ ಬಿಟ್ಟು, ನಮ್ಮ ನಾಯಿ ಬಂತು. ಇಬ್ಬರೂ ಅತ್ತೆಯ ಮುಂದೆ ನಿಂತರು.

ಗಂಡಿನ ಕಡೆಯವರು ನಾಯಿಯನ್ನು ಹಚಾ ಎಂದು ಓಡಿಸಿ ಸುಮ್ಮನಾದರು. ನಮ್ಮ ಕಡೆಯವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಂದು ಸಂಜೆ ಹೊಸ್ತಿಲಲ್ಲಿ ನಿಲ್ಲಿಸಿ ಒಡಪು ಹೇಳಿಸಿದರು. ಒಂದು ಪದ ಕಟ್ಟಿ ಅದರ ಒಳಗೆ ಗಂಡನ ಹೆಸರು ಸೇರಿಸಿ ಹೇಳುವುದು. ಹಾಗೆ ಹೇಳಿದರೆ ದೋಷವಿಲ್ಲ. ಹಾಗಲ್ಲದೆ ಬರಿದೇ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ದಿನ ಬೆಳಗಾದರೆ ನನ್ನ ಬಾಯಲ್ಲಿ ಇರುತ್ತಿದ್ದ ಹೆಸರು ಅವತ್ತಿನಿಂದ ಬಾಯಿಗೆ ಬರಬಾರದ್ದಾಯಿತು. ಅದಕ್ಕೂ ಮೊದಲು ನಾನು ಅದನ್ನು ಹಿಡಿದು ನಾಯಿಯನ್ನು ಬೈದದ್ದೆಲ್ಲ ನೆನಪಾಗಿ, ಇವರ ಆಯುಷ್ಯದಲ್ಲಿ ಆಗಲೇ ಎಷ್ಟು ಹೋಗಿದೆಯೋ ಎಂದು ಕೆಲವು ದಿನ ಹೆದರಿದ್ದೆ.

ಆ ವರ್ಷದ ದೀಪಾವಳಿ ನಮ್ಮ ಮನೆಗೆ ಅಳಿಯ ಬರುವ ಮೊದಲ ಹಬ್ಬ. ಅಳಿಯನನ್ನು ಮಣೆಯ ಮೇಲೆ ಕೂರಿಸಿ ಎಣ್ಣೆ ಹಚ್ಚಿ ನೀರು ಹಾಕಬೇಕು, ಆರತಿ ಎತ್ತಬೇಕು, ಹೊಸ ಬಟ್ಟೆ ಉಡಿಸಬೇಕು. ಈ ಎಲ್ಲದರ ನಡುವೆ ತಮ್ಮ ಹಿತ್ತಿಲಿನಿಂದ ನಾಯಿಯನ್ನು ಹೆಸರು ಹಿಡಿದು ಕರೆದರೆ ಏನು ಗತಿ ಎಂದು ಅವ್ವನಿಗೆ ದಸರೆಯಿಂದಲೇ ಚಿಂತೆ ಹತ್ತಿತು. ಹೆಸರು ಬದಲಿಸು ಎಂದು ತಮ್ಮನಿಗೆ ಹೇಳಿ ನೋಡಿದಳು. ಅವನು, ಮೊದಲು ಇಟ್ಟವನು ನಾನು, ಭಾವ ಬೇಕಾದರೆ ಬದಲಿಸಿಕೊಳ್ಳಲಿ ಎಂದ. ಅವ್ವ ತಾನೇ ಬೇರೆ ಹೆಸರಿನಿಂದ ಕರೆದು ರೊಟ್ಟಿ ತೋರಿಸಿದಳು. ನಾಯಿ ರೊಟ್ಟಿ ತಿಂದಿತು, ಹೆಸರು ತೆಗೆದುಕೊಳ್ಳಲಿಲ್ಲ.

ಆಗ ಅಪ್ಪ ಮಂಡಿಯಲ್ಲಿ ಒಂದು ಸುದ್ದಿ ಕೇಳಿಕೊಂಡು ಬಂದ. ಹರಿಹರದಲ್ಲಿ ಆಗ ಯಂತ್ರ ಮಾಡುವ ದೊಡ್ಡ ಕಾರ್ಖಾನೆ ಎದ್ದಿತ್ತು. ಅಲ್ಲಿನ ಸಾಹೇಬರು ರಜೆಗೆ ತಮ್ಮ ಊರುಗಳಿಗೆ ಹೋಗುವಾಗ ನಾಯಿಗಳನ್ನು ಒಬ್ಬ ಮುದುಕನ ಹತ್ತಿರ ಬಿಟ್ಟು ಹೋಗುತ್ತಾರಂತೆ. ಅವನು ಹಿಂದೆ ಮಿಲಿಟರಿಯಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದವನು. ಅವನನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಅಪ್ಪ ಹೋಗಿ ಮಾತಾಡಿಕೊಂಡು ಬಂದ. ನಾಯಿಯನ್ನು ದುಡ್ಡು ಕೊಟ್ಟು ಇನ್ನೊಬ್ಬರ ಮನೆಯಲ್ಲಿ ಇರಿಸುವುದು ನಮ್ಮ ಓಣಿಗೆ ಹೊಸದು. ಓಣಿಯವರಿಗೆ, ಅದಕ್ಕೆ ಮೈಮೇಲೆ ಹುಣ್ಣಾಗಿದೆ, ಔಷಧಕ್ಕೆ ಕಳಿಸುತ್ತೇವೆ ಎಂದು ಅವ್ವ ಹೇಳಿದಳು. ತಮ್ಮನಿಗೆ, ಪಟಾಕಿಗೆ ಹೆದರುತ್ತದಲ್ಲ, ಅದಕ್ಕೆ ಹಬ್ಬ ಕಳೆಯುವವರೆಗೆ ಅಲ್ಲಿರಲಿ ಎಂದು ಹೇಳಿದರು. ಅದು ಪಟಾಕಿಗೆ ಹೆದರುತ್ತಿದ್ದದ್ದು ನಿಜ. ತಮ್ಮ ಒಪ್ಪಿದ. ನಾನು ಅಷ್ಟರಲ್ಲಿ ಹಬ್ಬಕ್ಕೆಂದು ತವರಿಗೆ ಬಂದಿದ್ದೆ. ನಿಜವಾದ ಕಾರಣ ಗೊತ್ತಿದ್ದೂ ಸುಮ್ಮನಿದ್ದೆ.

ಕಾಕಾ ಅಪ್ಪನ ಕೈಯಲ್ಲಿ ಕೆಲವು ಮಾತು ಹೇಳಿ ಕಳಿಸಿದ್ದ. ನಾಯಿಯನ್ನು ಒಮ್ಮೆಲೇ ತಂದು ಬಿಡಬೇಡಿ. ಮೊದಲು ಮನೆಯಲ್ಲೇ ಕಟ್ಟಿ ರೂಢಿಮಾಡಿ. ಕಟ್ಟಿ ಕಣ್ಣಿಗೆ ಕಾಣದಂತೆ ಹೋಗಿ, ತಿರುಗಿ ಬನ್ನಿ. ಹೋದವರು ಬರುತ್ತಾರೆ ಎಂದು ಅದಕ್ಕೆ ತಿಳಿಯಬೇಕು. ಬರುವಾಗ ಅದನ್ನು ಸಾಕಿದವರ ಮೈಮೇಲಿನ ಬಟ್ಟೆ ಒಂದು ತನ್ನಿ. ಮತ್ತು ಅದನ್ನು ಏನೆಂದು ಕರೆಯುತ್ತೀರಿ, ಹೇಗೆ ಕರೆಯುತ್ತೀರಿ, ಅದನ್ನು ನನಗೆ ಕಲಿಸಿ ಹೋಗಿ.

ತಮ್ಮ ಇದನ್ನು ಶಾಲೆಯ ಪಾಠಕ್ಕಿಂತ ಶ್ರದ್ಧೆಯಿಂದ ಮಾಡಿದ. ನಾಯಿಯನ್ನು ಪಡಸಾಲೆಯ ಕಂಬಕ್ಕೆ ಕಟ್ಟಿದ. ಹುಟ್ಟಿದ ಮೇಲೆ ಹಗ್ಗ ಕಂಡದ್ದಲ್ಲ ಅದು. ಮೊದಲ ದಿನ ಕಂಬದ ಸುತ್ತ ಸುತ್ತಿ ಸುತ್ತಿ ಹಗ್ಗವೆಲ್ಲ ಮುಗಿದು, ಮೂಗು ಕಂಬಕ್ಕೆ ತಾಗಿಸಿಕೊಂಡು ನಿಂತಿತು. ತಮ್ಮ ಹೊಸ್ತಿಲಾಚೆ ಕೂತು ಮಂಡಕ್ಕಿ ತಿಂದು ಒಳಗೆ ಬಂದ. ಮರುದಿನ ಓಣಿಯ ತುದಿಯವರೆಗೆ ಹೋದ. ಆಮೇಲೆ ಮಾರ್ಕೆಟ್ಟು ಸುತ್ತಿ ಬರತೊಡಗಿದ. ತಾನಿಲ್ಲದಾಗ ಅದು ಅತ್ತಿತೇ ಎಂದು ಬಂದವನೇ ನನ್ನನ್ನು ಕೇಳುತ್ತಿದ್ದ. ಅದು ಅಳುತ್ತಿರಲಿಲ್ಲ, ಮಲಗಿ ನಿದ್ದೆ ಮಾಡುತ್ತಿತ್ತು. ಅಳುತ್ತಿದ್ದವನು ಅವನು, ಮಾರ್ಕೆಟ್ಟಿನ ಮೂಲೆಯಲ್ಲಿ ಗಾಡಿಯ ಹಿಂದೆ ನಿಂತು. ಕಂಡವರು ಬಂದು ಅವ್ವನಿಗೆ ಹೇಳಿದ್ದರು.

ಬಟ್ಟೆಗೆಂದು ತನ್ನ ಶಾಲೆಯ ಅಂಗಿ ತೆಗೆದಿಟ್ಟ. ಪರರ ಮನೆಗೆ ಕೊಳಕು ಬಟ್ಟೆ ಕಳಿಸಬಾರದೆಂದು ಅವ್ವ ಅದನ್ನು ಒಗೆದು ಮಡಿಸಿಟ್ಟಳು. ಅವನು ಅದನ್ನು ಮತ್ತೆ ಹಾಕಿಕೊಂಡು ಓಣಿಯಲ್ಲಿ ಬೆವರು ಬರುವವರೆಗೆ ಓಡಿ, ಬಿಚ್ಚಿ, ಅವ್ವನ ಕೈಗೆ ಸಿಗದಂತೆ ಹತ್ತಿಚೀಲದಲ್ಲಿ ಮುಚ್ಚಿಟ್ಟ.

ಊಟದ ವಿಷಯದಲ್ಲಿ ಅವ್ವನದೊಂದು ಷರತ್ತಿತ್ತು. ಸಾಹೇಬರ ನಾಯಿಗಳಿಗೆ ಅವನು ಮಾಂಸ ಹಾಕುತ್ತಾನಂತೆ, ನಮ್ಮದು ಶಿವಭಕ್ತರ ಮನೆಯ ನಾಯಿ, ಅದನ್ನು ಮುಟ್ಟುವುದಿಲ್ಲ ಎಂದು ಅವನಿಗೆ ಹೇಳಬೇಕು. ನಮ್ಮ ನಾಯಿ ಕಸಾಯಿಗಳ ಓಣಿಗೆ ದಿನಾ ಹೋಗಿ ಬರುವುದು ಅವ್ವನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಅವ್ವನಿಗೂ ಗೊತ್ತಿತ್ತೋ ಏನೋ.

ಕರೆದುಕೊಂಡು ಹೋಗುವ ದಿನ ತಮ್ಮನಿಗೆ ಪರೀಕ್ಷೆ ಇತ್ತು. ಅಪ್ಪನಿಗೆ ಹೇಗೂ ಹರಿಹರಕ್ಕೆ ಹೋಗಿ ಬೀಗರ ಮನೆಯಲ್ಲಿ ಹಬ್ಬದ ಆಮಂತ್ರಣ ಹೇಳಬೇಕಿತ್ತು. ನಾಯಿ ಹಿಡಿದುಕೊಳ್ಳಲು ನಾನು ಜೊತೆಗೆ ಹೊರಟೆ. ತಮ್ಮ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಎಲ್ಲವನ್ನೂ ಬಾಯಿಪಾಠ ಮಾಡಿಸಿದ. ಬಾಲ ಮುಟ್ಟಬಾರದು. ಮಜ್ಜಿಗೆಯಲ್ಲಿ ರೊಟ್ಟಿ ನೆನೆಸಿ ಹಾಕಬೇಕು. ಬಲಮಗ್ಗುಲಿಗೆ ಮಲಗುತ್ತದೆ, ಎಬ್ಬಿಸಬಾರದು. ಕೊನೆಗೆ ನನ್ನ ಕೈ ಹಿಡಿದು ಹೇಳಿದ.

"ಅಕ್ಕಾ, ಹೆಸರು ಮಾತ್ರ ಮರೀಬ್ಯಾಡ. ಹೆಸರು ಕರೆದ್ರೆ ಅದು ಎಷ್ಟು ಹೆದರಿದ್ರೂ ನಿಲ್ತೈತೆ."

ಮರೆಯುವುದಿಲ್ಲ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ರೈಲಿನಲ್ಲಿ ನಾಯಿಯನ್ನು ಗಾರ್ಡಿನ ಡಬ್ಬಿಯಲ್ಲಿ ಹಾಕಿದರು. ಹರಿಹರದಲ್ಲಿ ಇಳಿಸಿಕೊಂಡಾಗ ಅದು ನಮಗಿಂತ ಶಾಂತವಾಗಿತ್ತು. ಕಾಕಾನ ಮನೆಗೆ ಹೋದೆವು. ನಾನು ಅದು ಊರಾಚೆ ಕಾರ್ಖಾನೆಯ ಹತ್ತಿರ ಇರುತ್ತದೆ ಎಂದುಕೊಂಡಿದ್ದೆ. ಅದು ಇದ್ದದ್ದು ಹೊಳೆಯ ದಾರಿಯಲ್ಲಿ, ನನ್ನ ಗಂಡನ ಮನೆಯಿಂದ ಒಂದು ಕೂಗಳತೆಯಲ್ಲಿ. ಅಲ್ಲಿ ಕರೆದರೆ ಬೀಗರಿಗೆ ಕೇಳಿಸೀತು ಎಂದು ಅಪ್ಪನಿಗೆ ತೋಚಿರಲಿಲ್ಲ. ಅಪ್ಪ ನನ್ನನ್ನೂ ನಾಯಿಯನ್ನೂ ಅಂಗಳದಲ್ಲಿ ಬಿಟ್ಟು ಬೀಗರ ಮನೆಗೆ ಹೋದ. ಹಬ್ಬಕ್ಕೆಂದು ತವರಿಗೆ ಹೋದ ಸೊಸೆ ಹಬ್ಬವಾಗದೆ ಗಂಡನ ಮನೆಯ ಬಾಗಿಲಿಗೆ ಹೋಗಬಾರದು, ಹಾಗಾಗಿ ನಾನು ಸೆರಗು ಮುಂದಕ್ಕೆ ಎಳೆದುಕೊಂಡು ಅಲ್ಲೇ ನಿಂತೆ.

ಕಾಕಾ ಎತ್ತರದ ಮನುಷ್ಯ. ನಾಯಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಮುಖ ನೋಡದೆ ಬೇರೆಲ್ಲೋ ನೋಡುತ್ತ, ಅದು ತಾನಾಗಿ ಮೂಸುವವರೆಗೆ ಕಾದ. ನಾನು ತಮ್ಮನ ಪಾಠವನ್ನು ಒಪ್ಪಿಸಿದೆ. ಅವ್ವನ ಷರತ್ತನ್ನೂ ಹೇಳಿದೆ. ಅವನು ಎಲ್ಲಕ್ಕೂ ತಲೆಯಾಡಿಸಿದ. ಅಂಗಿ ಕೊಟ್ಟೆ, ಮೂಸಿ ನೋಡಿ ಒಳ್ಳೇದು ಎಂದ. ಆಮೇಲೆ ಹೆಸರು ಕೇಳಿದ.

ನಾನು ಸುಮ್ಮನೆ ನಿಂತೆ. ಅವನು ಇನ್ನೊಮ್ಮೆ ಕೇಳಿದ. ನಾನು ನೆಲ ನೋಡಿದೆ.

"ಶರಮ್ ಯಾಕಮ್ಮಾ? ನಾಯಿ ಹೆಸರು ಕೇಳಿದ್ದು ನಾನು. ಗಂಡನ ಹೆಸರು ಕೇಳಿಲ್ಲ."

ಇದಕ್ಕೆ ನಾನು ಏನು ಹೇಳಬಹುದಿತ್ತು ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅಪ್ಪ ಬರುವವರೆಗೆ ಕಾಯಿರಿ ಎನ್ನಬಹುದಿತ್ತು. ಒಡಪು ಕಟ್ಟಿ ಹೇಳಬಹುದಿತ್ತು. ಅದು ಆಗಲೂ ತಲೆಗೆ ಬಂತು, ಆದರೆ ನಾಯಿಯನ್ನು ಒಪ್ಪಿಸುವುದಕ್ಕೆ ಒಡಪು ಹೇಳಿದವರನ್ನು ನಾನು ಕೇಳಿರಲಿಲ್ಲ. ಇನ್ನೊಂದು ಹೆದರಿಕೆಯೂ ಇತ್ತು. ಹೆಸರು ಹೇಳಿದರೆ ಇವನು ಅದನ್ನು ಬೆಳಗಿನಿಂದ ಸಂಜೆಯವರೆಗೆ ಈ ಅಂಗಳದಲ್ಲಿ ಕೂಗುತ್ತಾನೆ, ನನ್ನ ಅತ್ತೆಗೆ ಕೇಳಿಸುತ್ತದೆ, ಸೊಸೆಯ ತವರಿನವರು ನಾಯಿಗೆ ನನ್ನ ಮಗನ ಹೆಸರಿಟ್ಟಿದ್ದಾರೆ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಪಕ್ಕದ ಮನೆಯವರದು ಒಂದು ಜೋಡಿ ಎತ್ತಿತ್ತು. ಅದರಲ್ಲಿ ಎಡಗಡೆಯದರ ಹೆಸರು ಬಾಯಿಗೆ ಬಂತು. ಅದನ್ನು ಹೇಳಿಬಿಟ್ಟೆ.

ಕಾಕಾ ಆ ಹೆಸರಿನಿಂದ ಕರೆದ. ನಾಯಿ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿತು.

"ಹೊಸ ಜಾಗ," ಎಂದ ಕಾಕಾ. "ನಾಳೆ ಕೇಳ್ತೈತೆ."

ಅಪ್ಪ ಬಂದ. ಎಲ್ಲ ಹೇಳಿದೆಯಾ ಎಂದು ಕೇಳಿದ. ಹೇಳಿದೆ ಎಂದೆ. ನಾವು ಹೊರಟಾಗ ನಾಯಿ ಅಂಗಿಯ ಮೇಲೆ ಕೂತಿತ್ತು, ಕೂಗಲಿಲ್ಲ. ಹೋದವರು ಬರುತ್ತಾರೆ ಎಂದು ಅದಕ್ಕೆ ಚೆನ್ನಾಗಿ ಕಲಿಸಿದ್ದ ತಮ್ಮ.

ಹಬ್ಬ ಯಾವ ಕೊರತೆಯೂ ಇಲ್ಲದೆ ನಡೆಯಿತು. ಅಳಿಯ ಬಂದರು. ಎಣ್ಣೆ, ನೀರು, ಆರತಿ, ಹೋಳಿಗೆ ಎಲ್ಲ ಆಯಿತು. ಯಾರೂ ಯಾರನ್ನೂ ಹಿತ್ತಿಲಿನಿಂದ ಕರೆಯಲಿಲ್ಲ. ತಮ್ಮ ತನ್ನ ಪಾಲಿನ ಪಟಾಕಿ ಹಚ್ಚಲಿಲ್ಲ. ಯಾಕೆಂದು ಭಾವ ಕೇಳಿದ್ದಕ್ಕೆ ಇಲ್ಲಿ ಹಚ್ಚಿದರೆ ಅಲ್ಲಿಗೆ ಕೇಳಿಸುತ್ತದೆ ಎಂದ. ಭಾವನಿಗೆ ಅರ್ಥವಾಗಲಿಲ್ಲ. ಅವ್ವ ಮಾತು ಬದಲಿಸಿದಳು. ಪಾಡ್ಯದ ಸಂಜೆ ಅಂಗಡಿ ತೆರೆಯಬೇಕೆಂದು ಅವರು ಹರಿಹರಕ್ಕೆ ಹೊರಟುಹೋದರು.

ಕೆಲವು ದಿನ ಬಿಟ್ಟು ಅಪ್ಪ ನನ್ನನ್ನು ಗಂಡನ ಮನೆಗೆ ಮುಟ್ಟಿಸಲು ಹೊರಟ. ನಾಯಿಯನ್ನು ಕರೆತರಲು ತಮ್ಮನೂ ಬಂದ. ಚೀಲದಲ್ಲಿ ಅದಕ್ಕೆಂದು ಹೋಳಿಗೆ ಕಟ್ಟಿಕೊಂಡಿದ್ದ. ಮೊದಲು ಕಾಕಾನ ಮನೆಗೆ ಹೋದೆವು. ಅಂಗಳದಲ್ಲಿ ಕಂಬಳಿಯಂತೆ ಕೂದಲಿದ್ದ ಯಾರದೋ ಸಾಹೇಬರ ನಾಯಿ ಇತ್ತು. ನಮ್ಮದಿರಲಿಲ್ಲ. ಕಾಕಾ ಎದ್ದು ನಿಂತು ಅಪ್ಪನಿಗೆ ಕೈಮುಗಿದ.

ಹಬ್ಬದ ದಿನ ದೀಪ ಹಚ್ಚುವ ಹೊತ್ತಿಗೆ ಓಣಿಯ ಹುಡುಗರು ಪಟಾಕಿ ಸರವನ್ನು ಹೊತ್ತಿಸಿ ಗೋಡೆಯ ಈಚೆಗೆ ಎಸೆದರಂತೆ. ನಾಯಿ ಹಗ್ಗದಿಂದ ಕುತ್ತಿಗೆ ನುಸುಳಿಸಿಕೊಂಡು ಗೋಡೆ ಹಾರಿತಂತೆ. ಕಾಕಾ ಹಿಂದೆಯೇ ಓಡಿದನಂತೆ, ಹೊಳೆಯ ಮರಳಿನವರೆಗೂ. ಅಲ್ಲಿ ಅದು ಬಹಳ ದೂರದಲ್ಲೇನೂ ಇರಲಿಲ್ಲವಂತೆ.

"ಕರೆದೆ ಮಗಾ," ಎಂದು ತಮ್ಮನಿಗೆ ಹೇಳಿದ. "ಹೆಸರು ಹಿಡಿದು ಕರೆದೆ. ಗಂಟಲು ಹೋಗೋವರೆಗೂ ಕರೆದೆ. ತಿರುಗಿ ನೋಡಲಿಲ್ಲ."

ಆಮೇಲೆಯೂ ದಿನಾ ಹುಡುಕುತ್ತಿದ್ದಾನಂತೆ. ತಮ್ಮ ಅವನ ಮಾತು ಮುಗಿಯುವುದಕ್ಕೆ ಮೊದಲೇ ಬೀದಿಗೆ ಓಡಿ ನಾಯಿಯನ್ನು ಕರೆಯತೊಡಗಿದ. ಎರಡು ಸಲ, ಎರಡನೇ ಸಲ ಎಳೆದು.

ಕಾಕಾ ಅದನ್ನು ಕೇಳಿಸಿಕೊಂಡ. ಇನ್ನೊಮ್ಮೆ ಕೇಳಿಸಿಕೊಂಡ. ಆಮೇಲೆ ತಿರುಗಿ ನನ್ನನ್ನು ನೋಡಿದ. ನಾನು ಸೆರಗಿನ ತುದಿ ನೋಡಿಕೊಂಡು ನಿಂತೆ. ಅವನು ಏನಾದರೂ ಹೇಳುತ್ತಾನೆ ಎಂದು ಕಾದೆ. ಅವನು ಅಪ್ಪನಿಗೆ, ಹಗ್ಗ ಸಡಿಲ ಕಟ್ಟಿದ್ದೆ, ತಪ್ಪು ನನ್ನದು ಎಂದು ಹೇಳಿ, ಚಪ್ಪಲಿ ಮೆಟ್ಟಿ ತಮ್ಮನ ಹಿಂದೆ ನಡೆದ. ಅವನೂ ಈಗ ಸರಿಯಾದ ಹೆಸರಿನಿಂದಲೇ ಕರೆಯುತ್ತಿದ್ದ.

ಹೊಳೆಗೆ ಹೋಗುವ ದಾರಿಯಲ್ಲಿ ನನ್ನ ಗಂಡನ ಅಂಗಡಿ. ತಮ್ಮ ಅದರ ಮುಂದೆಯೇ ಕರೆಯುತ್ತ ಹೋದ. ಒಳಗಿನಿಂದ ಇವರು, ಏನು ಎಂದು ಕೇಳುತ್ತ ಹೊರಗೆ ಬಂದರು. ಅಪ್ಪ ನಡುಬೀದಿಯಲ್ಲಿ ನಿಂತುಬಿಟ್ಟ. ದಸರೆಯಿಂದ ಮುಚ್ಚಿಟ್ಟದ್ದು ಹಗ್ಗದ ಅಂಗಡಿಯ ಮುಂದೆ ಬಿಚ್ಚಿಕೊಂಡಿತು. ಅಪ್ಪ ತೊದಲುತ್ತ ಎಲ್ಲ ಹೇಳಿದ, ನಾಯಿಗೆ ಹೆಸರಿಟ್ಟದ್ದು ಮೊದಲು, ಸಂಬಂಧ ಬಂದದ್ದು ಆಮೇಲೆ ಎಂದು ಎರಡು ಸಲ ಹೇಳಿದ. ಇವರು ಎಲ್ಲ ಕೇಳಿಸಿಕೊಂಡರು.

"ಅದಕ್ಕೆ ನಾಯೀನ ಊರು ಬಿಡಿಸಿದ್ರೇನ್ರಿ ಮಾವಾ? ನನಗೆ ಹೇಳಿದ್ರೆ ನಾನೇ ಒಂದೆರಡು ದಿನ ಬ್ಯಾರೆ ಹೆಸರು ಇಟ್ಕೊಂತಿದ್ದೆ."

ಹಾಗೆಂದು ಪಕ್ಕದ ಅಂಗಡಿಯವನಿಗೆ ನೋಡಿಕೊಳ್ಳಲು ಹೇಳಿ, ಇವರೂ ಹೊರಟರು. ಹೊಳೆಯಲ್ಲಿ ನೀರು ಇಳಿದು ಮರಳು ಎದ್ದಿತ್ತು. ಆ ಸಂಜೆ ಕತ್ತಲಾಗುವವರೆಗೆ ನನ್ನ ಗಂಡ ಮರಳಿನ ಮೇಲೆ ತಮ್ಮದೇ ಹೆಸರನ್ನು ಕೂಗುತ್ತ ನಡೆದರು. ತಮ್ಮ ಒಂದು ಕಡೆ, ಕಾಕಾ ಒಂದು ಕಡೆ, ಅಪ್ಪ ಒಂದು ಕಡೆ ಕೂಗಿದರು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಿಂತು ನೋಡಿದರು. ಮಗ ಹೊಳೆದಂಡೆಯಲ್ಲಿ ತನ್ನನ್ನೇ ತಾನು ಹುಡುಕುತ್ತಿದ್ದ ಎಂದು ಆಮೇಲೆ ಅತ್ತೆಗೆ ಯಾರೋ ಹೇಳಿ, ಆಕೆ ಇವರಿಗೆ ದೃಷ್ಟಿ ತೆಗೆದರು. ಅಲ್ಲಿ ಕರೆಯದೆ ಇದ್ದವಳು ನಾನೊಬ್ಬಳೇ.

ಮೇಲ್ದಂಡೆಯಲ್ಲಿ ಕೆಲವು ದಿನ ಕುರಿಹಿಂಡು ಇತ್ತೆಂದೂ, ಹಬ್ಬದ ಮರುದಿನ ಅದು ಎದ್ದುಹೋಯಿತೆಂದೂ, ಅದರ ಹಿಂದೆ ಒಂದು ಕರೀ ನಾಯಿ ಹೋದ ಹಾಗಿತ್ತೆಂದೂ ಮರಳು ಹೇರುತ್ತಿದ್ದ ಗಾಡಿಯವನೊಬ್ಬ ಹೇಳಿದ. ಅದು ನಮ್ಮದೋ ಅಲ್ಲವೋ ಗೊತ್ತಿಲ್ಲ. ಕುರಿಗಾರರ ನಾಯಿಗಳೂ ಕರಿಯವೇ ಇರುತ್ತವೆ.

ತಮ್ಮ ಮರಳಿನಲ್ಲಿ ಕೂತ. ಹೋಳಿಗೆಯ ಗಂಟು ತೊಡೆಯ ಮೇಲಿತ್ತು. ನಾನು ಪಕ್ಕದಲ್ಲಿ ಕೂತೆ. ಅವನು ನನ್ನ ಕಡೆ ನೋಡದೆ ಹೇಳಿದ.

"ಹೆಸರು ಹಿಡಿದು ಕರೆದ್ರೂ ನೋಡಲಿಲ್ಲ ಅಂದ್ರೆ, ಅದಕ್ಕೆ ನನ್ನ ಮ್ಯಾಲೆ ಸಿಟ್ಟು ಬಂದೈತೆ. ನಾನು ಕಳಿಸಿದ್ನಲ್ಲ, ಅದಕ್ಕೆ."

ಹೇಳುವುದಾಗಿದ್ದರೆ ಆಗ ಹೇಳಬೇಕಿತ್ತು. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಗಂಡನಿಗೆ ತಿಳಿದಿತ್ತು, ಅವರು ಸಿಟ್ಟಾಗಿರಲಿಲ್ಲ, ಇಡೀ ಹರಿಹರಕ್ಕೆ ಕೇಳುವಂತೆ ಹೆಸರನ್ನು ಕೂಗಿಯಾಗಿತ್ತು. ಆದರೂ ನಾನು ಸುಮ್ಮನೆ ಕೂತೆ. ಹೆಸರು ಹೇಳಿರಲಿಲ್ಲ ಎಂದು ಒಪ್ಪಿಕೊಂಡರೆ ಅವನು ನನ್ನ ಕಡೆ ತಿರುಗಿ ನೋಡುತ್ತಾನೆ, ಆ ನೋಟ ನನಗೆ ಬೇಡವಾಗಿತ್ತು. ನನ್ನ ಮೇಲೆ ಬರಬೇಕಾದ ದೂರು ನಾಯಿಯ ಮೇಲೆ ಹೋಗುತ್ತಿದೆ ಎಂದು ಗೊತ್ತಿತ್ತು. ಹೋಗಲಿ ಎಂದು ಬಿಟ್ಟೆ. ನಾಯಿಗೇನು, ಅದಕ್ಕೆ ಗೊತ್ತಾಗುವುದಿಲ್ಲ ಎಂದುಕೊಂಡೆ. ನಾಯಿ ತನ್ನನ್ನು ಬಿಟ್ಟುಹೋಯಿತೆಂಬ ನೋವು ತಮ್ಮನಲ್ಲಿ ಉಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಕತ್ತಲಾದ ಮೇಲೆ ಅವನು ಹೋಳಿಗೆಯನ್ನು ಕಾಕಾನ ಅಂಗಳದಲ್ಲಿದ್ದ ಸಾಹೇಬರ ನಾಯಿಗೆ ಹಾಕಿ ರೈಲು ಹತ್ತಿದ.

ಆಮೇಲೆ ವರ್ಷಗಳು ಹೋದವು. ನಾನು ಹರಿಹರದಲ್ಲೇ ಸಂಸಾರ ಮಾಡಿದೆ. ಕಾಕಾ ದಾರಿಯಲ್ಲಿ ಎದುರಾದರೆ ನಾನು ತಲೆ ತಗ್ಗಿಸುತ್ತಿದ್ದೆ, ಅವನು ನಮಸ್ಕಾರಮ್ಮಾ ಎಂದು ಹೋಗುತ್ತಿದ್ದ, ಅಷ್ಟೇ. ತಮ್ಮ ದೊಡ್ಡವನಾಗಿ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಫಿಟ್ಟರ್ ಆದ. ಮದುವೆಯಾಯಿತು, ಒಂದು ಹೆಣ್ಣುಮಗು ಆಯಿತು. ಒಳ್ಳೆಯ ಮನುಷ್ಯ. ಆದರೆ ಅವನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತುಬಿಟ್ಟಿತ್ತು. ಯಾರಾದರೂ ನಾಯಿಯ ನಿಯತ್ತಿನ ಮಾತೆತ್ತಿದರೆ, ಅದೆಲ್ಲ ಸುಳ್ಳು, ಕೈ ಬಿಟ್ಟ ದಿನ ಮರೀತಾವೆ ಎನ್ನುತ್ತಿದ್ದ. ಸಿಟ್ಟಿನಿಂದ ಹೇಳುತ್ತಿರಲಿಲ್ಲ, ನೀರು ಕೆಳಕ್ಕೆ ಹರಿಯುತ್ತದೆ ಎಂದ ಹಾಗೆ ಹೇಳುತ್ತಿದ್ದ. ನಾಯಿಯ ವಿಷಯಕ್ಕಷ್ಟೇ ಅದು ನಿಲ್ಲಲಿಲ್ಲ. ಮನೆಯಲ್ಲಿ ಯಾರು ಊರಿಗೆ ಹೊರಟರೂ ಕಳಿಸಲು ಬಾಗಿಲಿಗೆ ಬರುತ್ತಿರಲಿಲ್ಲ. ಹೆಂಡತಿ ತವರಿಗೆ ಹೋದರೆ ತಾನಾಗಿ ಕರೆಯಲು ಹೋಗುತ್ತಿರಲಿಲ್ಲ. ಬರುವವರು ಬರುತ್ತಾರೆ, ಕರೆದರೆ ಬರುತ್ತಾರೆ ಅನ್ನುವುದೇನೂ ಇಲ್ಲ ಎನ್ನುತ್ತಿದ್ದ. ಅವನ ಹೆಂಡತಿ ಅದನ್ನು ಬಿಗುಮಾನ ಎಂದು ತಿಳಿದಿದ್ದಳು. ಅದು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಜೊತೆ ಸೇರಿ ನಕ್ಕಿದ್ದೇನೆ.

ಅರವತ್ತರ ದಶಕ ಮುಗಿಯುತ್ತ ಬಂದ ಒಂದು ಬೇಸಿಗೆಯಲ್ಲಿ ನಾನು ಅವನ ಮನೆಯಲ್ಲಿ ಕೆಲವು ದಿನ ಇದ್ದೆ. ಒಂದು ಮಧ್ಯಾಹ್ನ ಅವನ ಮಗಳು ಎಲ್ಲಿಂದಲೋ ಒಂದು ಮರಿಯನ್ನು ಮಂಡಕ್ಕಿ ಬುಟ್ಟಿಯಲ್ಲಿ ಹೊತ್ತುಕೊಂಡು ಬಂದಳು. ಅವನು ಊಟಕ್ಕೆ ಬಂದು ಕೈ ತೊಳೆಯುತ್ತಿದ್ದ. ಬುಟ್ಟಿ ನೋಡಿದ. ಬೈಯಲಿಲ್ಲ. ಮಗಳನ್ನು ಹತ್ತಿರ ಕೂರಿಸಿಕೊಂಡ.

"ಬ್ಯಾಡ ಮಗಳೇ. ನನ್ನ ಹತ್ರಾನೂ ಒಂದು ಇತ್ತು. ಹೆಸರು ಹಿಡಿದು ಕರೆದ್ರೂ ತಿರುಗಿ ನೋಡಲಿಲ್ಲ ಅದು."

ಮಗು ಬುಟ್ಟಿ ಎತ್ತಿಕೊಂಡು, ಎಲ್ಲಿಂದ ತಂದಿತ್ತೋ ಅಲ್ಲಿಗೆ ಬಿಡಲು ಎದ್ದಿತು. ಅದು ಅಳಲೂ ಇಲ್ಲ. ಅಪ್ಪ ಹೇಳಿದ್ದು ನಿಜ ಎಂದು ನಂಬಿ ಎದ್ದಿತ್ತು. ಆ ಮಾತು ಇನ್ನೊಂದು ಹೊಟ್ಟೆಗೆ ಇಳಿಯುವುದನ್ನು ನಾನು ನೋಡುತ್ತ ಕೂತಿದ್ದೆ. ಮಗುವಿಗೆ ನಿಲ್ಲು ಎಂದೆ. ತಮ್ಮನಿಗೆ, ಅದು ಹೆಸರು ಕೇಳಿಲ್ಲ ಎಂದೆ.

ಅವನು ನನ್ನನ್ನು ನೋಡಿದ.

ಎಲ್ಲ ಹೇಳಿದೆ. ಕಾಕಾ ಕೇಳಿದ್ದು, ನಾನು ನೆಲ ನೋಡಿದ್ದು, ಬಾಯಿಗೆ ಬಂದ ಹೆಸರು ಹೇಳಿದ್ದು, ಹೊಳೆಯ ಮರಳಿನಲ್ಲಿ ಆ ಮುದುಕ ಗಂಟಲು ಹರಿಯುವಂತೆ ಕೂಗಿದ್ದು ಆ ಹೆಸರನ್ನೇ ಎಂದು. ಮರಳಿನಲ್ಲಿ ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡದ್ದನ್ನೂ ಹೇಳಿದೆ. ಅವನು ಒದ್ದೆ ಕೈ ಹಾಗೇ ಹಿಡಿದುಕೊಂಡು ಕೇಳಿದ. ನಾನು ಹೇಳಿದ್ದು ಯಾವ ಹೆಸರು ಎಂದು ಕೇಳಿದ. ಪಕ್ಕದ ಮನೆಯ ಎಡಗಡೆಯ ಎತ್ತಿನದು ಎಂದೆ.

"ಆ ಎತ್ತು," ಎಂದ ಅವನು. "ಕರೆದ್ರೆ ಆ ಎತ್ತೇ ಬರ್ತಿರಲಿಲ್ಲ."

ಆಮೇಲೆ ಟವಲಿನಿಂದ ಕೈ ಒರೆಸಿಕೊಂಡ, ಮುಖವನ್ನೂ ಒರೆಸಿಕೊಂಡ. ಟವಲನ್ನು ಮುಖದ ಮೇಲಿನಿಂದ ತೆಗೆಯದೆ ಕೇಳಿದ.

"ಅಂದ್ರೆ ನನ್ನ ನಾಯಿಗೆ ಗೊತ್ತೇ ಆಗಿಲ್ಲ, ಕರೆಯಾಕೆ ಹತ್ಯಾರೆ ಅಂತ."

ಇಲ್ಲ ಎಂದೆ. ಗೊತ್ತಾಗಿದ್ದರೆ ಬರುತ್ತಿತ್ತು ಎಂದೆ. ಮಗು ಬುಟ್ಟಿ ಕೆಳಗಿಡಲೋ ಬೇಡವೋ ಎಂದು ನಮ್ಮಿಬ್ಬರನ್ನೂ ನೋಡುತ್ತಿತ್ತು. ನಾನು ಹಿರಿಯಳು, ಕಿರಿಯರ ಮುಂದೆ ಕೈ ಜೋಡಿಸುವುದು ನಮ್ಮಲ್ಲಿಲ್ಲ. ಜೋಡಿಸಿದೆ.

"ತಪ್ಪಾತು ತಮ್ಮಾ. ನಾಯಿ ಕಳೆದಿದ್ದು ನನ್ನಿಂದ. ಅದು ನಿನ್ನ ಬಿಟ್ಟು ಹೋತು ಅಂತ ಇಷ್ಟು ವರ್ಷ ನಿನ್ನ ನಂಬಾಕೆ ಬಿಟ್ಟಿದ್ದೂ ನಾನೇ. ನಂದು ತಪ್ಪಾತು."